ಮೊಳೆಯದ ಕೊತ್ತಂಬರಿ



ಆಗಮನ ಕಾಲ ಬಂತೆಂದರೆ ನಮ್ಮ ಅನೇಕ ಮನೆಗಳಲ್ಲಿ ಒಂದು ಸಣ್ಣ ಬೇಸಾಯ ಶುರುವಾಗುತ್ತದೆ. ಹಳೆಯ ತಟ್ಟೆಯಲ್ಲೋ ತೆಂಗಿನ ಚಿಪ್ಪಿನಲ್ಲೋ ಒಂದು ಹಿಡಿ ಮಣ್ಣು ಹಾಕಿ, ಮೇಲೆ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ, ನೀರು ಚಿಮುಕಿಸಿ ಮೂಲೆಯಲ್ಲಿಡುತ್ತೇವೆ. ಕ್ರಿಸ್ಮಸ್ ಹೊತ್ತಿಗೆ ಅದು ಬೆರಳುದ್ದ ಹಸಿರಾಗಿ ಗೋದಲಿಯ ಹುಲ್ಲುಗಾವಲಾಗುತ್ತದೆ. ಮಣ್ಣಿನ ಕುರಿಗಳೂ ಕುರುಬರೂ ಅದರ ನಡುವೆ ನಿಲ್ಲುತ್ತಾರೆ. ಮೂರು ರಾಯರ ಹಬ್ಬ ಕಳೆದ ಮೇಲೆ ಗೋದಲಿ ಬಿಚ್ಚುತ್ತೇವೆ, ಹಸಿರು ಕಸಕ್ಕೆ ಹೋಗುತ್ತದೆ. ಬೇಸಾಯ ಅಲ್ಲಿಗೆ ಮುಗಿಯುತ್ತದೆ.

ಆ ಬೇಸಾಯವನ್ನು ಅಡುಗೆಮನೆಯವರೆಗೂ ಮುಂದುವರಿಸಿ, ಮಕ್ಕಳ ಕೈಯಿಂದ ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಯನ್ನು ಬಿತ್ತಿಸಿ ಎಂದು ಹೇಳುವುದಕ್ಕೇ ಈ ವಾರ ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಆ ತಪ್ಪಿನಿಂದ ನಾನು ಕಲಿತದ್ದು ನಿಮಗೂ ಉಪಯೋಗವಾದೀತು. ಇದರಲ್ಲಿ ಬರುವ ಕುಟುಂಬದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಹತ್ತು ನಿಮಿಷದ ಸೊಪ್ಪು

ಮಾರೇನಹಳ್ಳಿ ಇಂದು ಹೆಸರಿನಲ್ಲಷ್ಟೇ ಹಳ್ಳಿ. ಸುತ್ತ ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ. 2015ರಿಂದ ಈ ಕಡೆ ಮೆಟ್ರೋ ರೈಲೂ ಓಡುತ್ತಿದೆ. ಒಂದಕ್ಕೊಂದು ಅಂಟಿಕೊಂಡ ಮನೆಗಳ ನಡುವೆ ಬರಿಯ ಮಣ್ಣು ಕಾಣಬೇಕಾದರೆ ಮಹಡಿಯ ಮೇಲಿನ ಕುಂಡವನ್ನೇ ನೋಡಬೇಕು.

ಕಳೆದ ವರ್ಷ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳನ್ನು, "ಕೊತ್ತಂಬರಿ ಸೊಪ್ಪು ಎಲ್ಲಿಂದ ಬರುತ್ತದೆ?" ಎಂದು ಕೇಳಿದೆ. "ತಳ್ಳುಗಾಡಿಯಿಂದ" ಎಂದಳು ಒಬ್ಬಳು. "ಮೊಬೈಲಿಂದ ಫಾದರ್, ಹತ್ತು ನಿಮಿಷದಲ್ಲಿ ಬರುತ್ತೆ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮಲಗುವಾಗ ಮಾತ್ರ ಆ ಉತ್ತರ ಮತ್ತೆ ನೆನಪಾಯಿತು. ಹತ್ತು ನಿಮಿಷದಲ್ಲಿ ಸೊಪ್ಪು ಬಾಗಿಲಿಗೆ ಬರುವ ಮನೆಯ ಮಗುವಿಗೆ, ಬಿತ್ತುವವನ ಸಾಮತಿಯನ್ನು ನಾನು ಹೇಗೆ ವಿವರಿಸಲಿ? ಬಿತ್ತಿದ್ದನ್ನೂ ಕಾಣದ, ಕಾದದ್ದನ್ನೂ ಅರಿಯದ ಮಗುವಿಗೆ ದೇವರ ಸಾಮ್ರಾಜ್ಯ ಬೀಜದಂತೆ ಎಂದರೆ ಏನು ತಿಳಿದೀತು?

ಆಗ ಒಂದು ಯೋಚನೆ ಹೊಳೆಯಿತು. ಪೋಲೆಂಡ್, ಜರ್ಮನಿ ಮುಂತಾದ ದೇಶಗಳಲ್ಲಿ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬದ ದಿನ, ಅಂದರೆ ಆಗಸ್ಟ್ 15ರಂದು, ಮನೆಮನೆಯಿಂದ ಸುವಾಸನೆಯ ಸೊಪ್ಪು, ಹೂವು, ಔಷಧಿ ಗಿಡಗಳ ಕಟ್ಟುಗಳನ್ನು ದೇವಾಲಯಕ್ಕೆ ತಂದು ಆಶೀರ್ವಾದ ಪಡೆಯುವ ಹಳೆಯ ಪದ್ಧತಿ ಇದೆ. ಪೋಲೆಂಡಿನ ಜನ ಆ ದಿನ ಮರಿಯಮ್ಮನವರನ್ನು ಸೊಪ್ಪುಸದೆಗಳ ಮಾತೆ ಎಂದೇ ಕರೆಯುತ್ತಾರೆ. ನಮ್ಮ ಕರಾವಳಿಯಲ್ಲೂ ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನಕ್ಕೆ ಮಕ್ಕಳು ಹೂವು ಅರ್ಪಿಸುತ್ತಾರೆ, ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ. ನಮ್ಮ ಮಕ್ಕಳೂ ತಾವೇ ಬೆಳೆದ ಕೊತ್ತಂಬರಿಯನ್ನು ಮಾತೆಯ ಮುಂದೆ ತಂದಿಟ್ಟರೆ ಎಷ್ಟು ಚೆನ್ನ ಎಂದುಕೊಂಡೆ.

ಜುಲೈ ಮೊದಲ ಭಾನುವಾರ ಮೂವತ್ತಕ್ಕೂ ಹೆಚ್ಚು ಮಕ್ಕಳಿಗೆ ಒಂದೊಂದು ಪೊಟ್ಟಣ ಧನಿಯ ಕೊಟ್ಟೆ. ಯಾವುದಾದರೂ ಡಬ್ಬಿಯಲ್ಲಿ ಬಿತ್ತಿ, ಹಬ್ಬಕ್ಕೆ ತನ್ನಿ ಎಂದೆ. ಮಕ್ಕಳಿಗೆ ಹುರುಪು ಬರಲೆಂದು, ಚೆನ್ನಾಗಿ ಬೆಳೆದವರಿಗೆ ಬಹುಮಾನ ಉಂಟು ಎಂದೂ ಸೇರಿಸಿದೆ. ನಾನು ಎಡವಿದ್ದು ಅಲ್ಲೇ.

"ಅದು ನಂದಲ್ಲ ಫಾದರ್"

ಹಬ್ಬದ ದಿನ ಪೀಠದ ಮುಂದೆ ಡಬ್ಬಿಗಳ ಸಾಲು. ಕೆಲವದರಲ್ಲಿ ನಾಲ್ಕಾರು ಎಳೆ, ಕೆಲವದರಲ್ಲಿ ಬಾಡಿದ ಸಸಿ. ಒಂದು ಡಬ್ಬಿಯಲ್ಲಿ ಮಾತ್ರ ಗೇಣುದ್ದ ಕೊತ್ತಂಬರಿ ಒತ್ತಾಗಿ ನಿಂತಿತ್ತು. ಪೂಜೆಯ ಕೊನೆಯಲ್ಲಿ ಅದನ್ನು ಎತ್ತಿ ಹಿಡಿದು, ಎಲ್ಲರೂ ನೋಡಿ ಎಂದೆ. ಚಪ್ಪಾಳೆಯಾಯಿತು. ಅದನ್ನು ತಂದಿದ್ದ ಒಂಬತ್ತು ವರ್ಷದ ಹುಡುಗ ತಲೆ ಎತ್ತಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ.

ಧ್ವಜಾರೋಹಣ ಮುಗಿದು ಸಿಹಿ ಹಂಚುವಾಗ ಅವನು ನನ್ನ ಹತ್ತಿರ ಬಂದ.

"ಫಾದರ್, ಅದು ನಂದಲ್ಲ."

"ಮತ್ತೆ ಯಾರದಪ್ಪ?"

"ಮಾರ್ಕೆಟ್ಟಿಂದು. ನಿನ್ನೆ ರಾತ್ರಿ ಅಪ್ಪ ತಂದು ನೆಟ್ಟರು. ನಂದು ಬರ್ಲೇ ಇಲ್ಲ. ದಿನಾ ನೀರು ಹಾಕ್ದೆ, ದಿನಾ ಪ್ರಾರ್ಥನೆನೂ ಮಾಡ್ದೆ. ದೇವ್ರಿಗೆ ನನ್ ಮೇಲೆ ಕೋಪಾನಾ?"

ಪ್ರಿಯರೇ, ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ನಾನು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ಕೋಪ ಇಲ್ಲ ಮಗು. ಬೀಜ ಕೊಟ್ಟವನು ನಾನು, ತಪ್ಪು ನನ್ನದೇ ಇರಬೇಕು" ಎಂದಷ್ಟೇ ಹೇಳಿ ಬೆನ್ನು ಸವರಿದೆ.

ಸಂಜೆ ಅವನ ತಂದೆ ಬಂದರು. ಪೀಣ್ಯದಲ್ಲಿ ಕಾರ್ಖಾನೆ ಕೆಲಸ ಮಾಡುವವರು, ಭಾನುವಾರದ ಪೂಜೆ ತಪ್ಪಿಸದವರು. "ಎಲ್ಲ ಮಕ್ಕಳ ಮುಂದೆ ನನ್ನ ಮಗ ಖಾಲಿ ಡಬ್ಬಿ ಹಿಡ್ಕೊಂಡು ನಿಲ್ಲೋದು ನೋಡಕ್ಕಾಗಲ್ಲ ಅಂತ ಹಂಗೆ ಮಾಡ್ಬಿಟ್ಟೆ ಫಾದರ್. ನಾನು ಸ್ಕೂಲಲ್ಲಿ ಹಂಗೇ ನಿಂತವನು" ಎಂದರು. ಅವರನ್ನು ಗದರಿಸಲು ನನ್ನ ಬಾಯಿ ಬರಲಿಲ್ಲ. ಬಹುಮಾನ ಇಟ್ಟವನು ನಾನು. ಒಂದು ಲೆಕ್ಕದಲ್ಲಿ ಮಾರುಕಟ್ಟೆಯ ಆ ಕಟ್ಟನ್ನು ಅವರ ಕೈಗೆ ಕೊಟ್ಟವನೂ ನಾನೇ. ಮುಂದಿನ ವಾರಗಳಲ್ಲಿ ಇನ್ನೂ ಕೆಲವು ತಾಯಂದಿರು, "ನಮ್ಮದೂ ಹಾಗೇ ಫಾದರ್" ಎಂದು ಮೆಲ್ಲಗೆ ಹೇಳಿದರು.

ತಾನಾಗಿಯೇ ಬೆಳೆಯುವುದು

ಶುಭಸಂದೇಶಕಾರರಲ್ಲಿ ಸಂತ ಮಾರ್ಕರು ಮಾತ್ರ ಬರೆದಿಟ್ಟಿರುವ ಒಂದು ಸಾಮತಿ ಇದೆ (ಮಾರ್ಕ 4:26-29). ಒಬ್ಬನು ನೆಲದಲ್ಲಿ ಬೀಜ ಬಿತ್ತುತ್ತಾನೆ. ಆಮೇಲೆ ರಾತ್ರಿ ಮಲಗುತ್ತಾನೆ, ಬೆಳಗಾದರೆ ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆಂದು ಅವನಿಗೇ ಗೊತ್ತಿಲ್ಲ. ಮೊದಲು ಮೊಳಕೆ, ಬಳಿಕ ತೆನೆ, ಕೊನೆಗೆ ತೆನೆತುಂಬ ಕಾಳು. ಭೂಮಿ ಇದನ್ನೆಲ್ಲ ತಾನಾಗಿಯೇ ಮಾಡುತ್ತದೆ ಎಂದು ಯೇಸುಸ್ವಾಮಿ ಹೇಳುತ್ತಾರೆ. ಇಲ್ಲಿ ತಾನಾಗಿಯೇ ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಪದ 'ಆಟೊಮಾಟೆ'. ನಾವು ದಿನನಿತ್ಯ ಹೇಳುವ ಆಟೋಮ್ಯಾಟಿಕ್ ಎಂಬ ಮಾತಿನ ಮೂಲವೂ ಅದೇ ಗ್ರೀಕ್ ಪದ. ನಮ್ಮ ಯಂತ್ರಗಳು ಗುಂಡಿ ಒತ್ತಿದ ಕೂಡಲೇ ಕೆಲಸ ಮಾಡುತ್ತವೆ. ಸ್ವಾಮಿಯ ಮಾತಿನಲ್ಲಿರುವ ಭೂಮಿ ತನ್ನ ಸಮಯಕ್ಕೆ ಮಾಡುತ್ತದೆ. ನಮ್ಮ ಕೈ ಅಲ್ಲಿಗೆ ಎಟಕುವುದಿಲ್ಲ.

ಸಂತ ಥಾಮಸ್ ಅಕ್ವಿನಾಸರು ಶಿಕ್ಷಕನ ಬಗ್ಗೆ ಬರೆಯುವಾಗ, ಜ್ಞಾನದ ಬೀಜಗಳು ಕಲಿಯುವವನಲ್ಲಿ ಮೊದಲೇ ಇರುತ್ತವೆ ಎನ್ನುತ್ತಾರೆ. ವೈದ್ಯನು ರೋಗಿಯ ದೇಹಕ್ಕೆ ಗುಣವಾಗಲು ನೆರವಾಗುವಂತೆ, ಶಿಕ್ಷಕನು ಆ ಒಳಗಿನ ಶಕ್ತಿಗೆ ನೆರವಾಗುತ್ತಾನೆ. ಬೀಜದ ಕೆಲಸವನ್ನು ಬೀಜವೇ ಮಾಡಬೇಕು. ಸಂತ ಪೌಲರೂ ಕೊರಿಂಥಿನ ಸಭೆಗೆ ಇದನ್ನೇ ಬರೆದರು. ನೆಟ್ಟವರು ಒಬ್ಬರು, ನೀರೆರೆದವರು ಇನ್ನೊಬ್ಬರು, ಬೆಳೆಸುವವರಂತೂ ದೇವರೇ (1 ಕೊರಿಂಥ 3:6-7).

ಹಾಗಾದರೆ ಆ ಮಗುವಿನ ಪ್ರಶ್ನೆ? ಪ್ರಾರ್ಥಿಸಿದರೂ ಬೀಜ ಏಕೆ ಮೊಳೆಯಲಿಲ್ಲ?

ಬಿತ್ತುವವನ ಸಾಮತಿಯನ್ನು ಮತ್ತೊಮ್ಮೆ ಓದಿ ನೋಡಿ. ಅಲ್ಲಿ ಕಾಲುದಾರಿಯಲ್ಲಿ ಬಿದ್ದದ್ದು ಹಕ್ಕಿಯ ಪಾಲಾಯಿತು, ಕಲ್ಲುನೆಲದ್ದು ಒಣಗಿತು, ಮುಳ್ಳಿನ ನಡುವಿನದ್ದು ಅಡಗಿಹೋಯಿತು. ಬಿತ್ತಿದ್ದರಲ್ಲಿ ಎಷ್ಟೋ ಬೀಜ ಕೈಗೆ ಹತ್ತಲಿಲ್ಲ. ಹಾಗೆಂದು ದೇವರಿಗೆ ಬಿತ್ತುವವನ ಮೇಲೆ ಕೋಪ ಎಂದು ಸ್ವಾಮಿ ಎಲ್ಲಿಯೂ ಹೇಳಲಿಲ್ಲ. ಬಿತ್ತುವವನು ಬಿತ್ತುವುದನ್ನು ಬಿಡಲೂ ಇಲ್ಲ. ಮೊಳೆಯದ ಬೀಜ ದೇವರ ತೀರ್ಪು ಅಲ್ಲ. ಬೀಜ ಹಳೆಯದಿರಬಹುದು, ಆಳ ಹೆಚ್ಚಾಗಿರಬಹುದು, ನೀರು ನಿಂತು ಕೊಳೆತಿರಬಹುದು. ಪ್ರಾರ್ಥನೆ ನಮ್ಮ ಕೈಕೆಲಸಕ್ಕೆ ಬದಲಿಯಲ್ಲ. ಕೈಕೆಲಸ ಮುಗಿದ ಮೇಲೂ ಕಾಯುವ ಬಲ ಬೇಕಲ್ಲ, ಅದು ಬರುವುದು ಪ್ರಾರ್ಥನೆಯಿಂದ. ಇದನ್ನು ಬಹುಮಾನ ಪ್ರಕಟಿಸುವ ಮೊದಲೇ ನಾನು ಮಕ್ಕಳಿಗೆ ಹೇಳಬೇಕಿತ್ತು.

ಮಾರುಕಟ್ಟೆಯ ಹಸಿರು

ಮಾರುಕಟ್ಟೆಯಿಂದ ತಂದು ಚುಚ್ಚಿದ ಕೊತ್ತಂಬರಿಗೂ ಬೇರಿರುತ್ತದೆ. ಆದರೆ ಆ ಬೇರು ಆ ಮಣ್ಣಿನಲ್ಲಿ ಇಳಿದದ್ದಲ್ಲ. ಎರಡು ದಿನ ನಳನಳಿಸುತ್ತದೆ, ಮೂರನೆಯ ದಿನ ಬಾಗುತ್ತದೆ. ತಂದೆತಾಯಿಯರೇ, ನಮ್ಮ ಮಕ್ಕಳ ವಿಶ್ವಾಸವನ್ನೂ ನಾವು ಹೀಗೆ ಚುಚ್ಚಿ ನಿಲ್ಲಿಸುತ್ತಿಲ್ಲವೇ ಎಂದು ಕೇಳಿಕೊಳ್ಳೋಣ. ಮೊದಲ ಪರಮಪ್ರಸಾದದ ಹಿಂದಿನ ರಾತ್ರಿ ಪ್ರಾರ್ಥನೆಗಳನ್ನು ಉರುಹೊಡೆಸುತ್ತೇವೆ. ಬಿಳಿ ಉಡುಪು, ಫೋಟೋ, ಊಟ ಎಲ್ಲ ಸಾಂಗವಾಗಿ ನಡೆಯುತ್ತದೆ. ಮನೆಯಲ್ಲಿ ಕುಟುಂಬ ಪ್ರಾರ್ಥನೆಯೇ ಇಲ್ಲದಿದ್ದರೆ ಆ ಹಸಿರು ಎಷ್ಟು ದಿನ ನಿಂತೀತು? ಧರ್ಮಗುರುಗಳಾದ ನಾವೂ ಸಭೆಯ ಮುಂದೆ ಎತ್ತಿ ತೋರಿಸುವ ಹಸಿರನ್ನೇ ಬಯಸುತ್ತೇವೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಇನ್ನೊಂದು ಕಡೆ ಕಣ್ಣೀರಿಡುವ ತಾಯಂದಿರೂ ಇದ್ದಾರೆ. "ಚಿಕ್ಕಂದಿನಲ್ಲಿ ಎಲ್ಲ ಕಲಿಸಿದೆವು ಸ್ವಾಮಿ, ಈಗ ಮಗ ಪೂಜೆಗೇ ಬರಲ್ಲ. ನಾವೇನು ತಪ್ಪು ಮಾಡಿದೆವು?" ಎಂದು ಕೇಳುತ್ತಾರೆ. ಅವರಿಗೆ ನಾನು ಸಂತ ಮೋನಿಕಮ್ಮನವರನ್ನು ನೆನಪಿಸುತ್ತೇನೆ. ಅವರ ಮಗ ಅಗಸ್ಟೀನ್ ಜ್ಞಾನಸ್ನಾನ ಪಡೆದದ್ದು 387ರ ಪಾಸ್ಖ ಜಾಗರಣೆಯ ರಾತ್ರಿ, ಮಿಲಾನ್ ನಗರದಲ್ಲಿ, ಸಂತ ಆಂಬ್ರೋಸರ ಕೈಯಿಂದ. ಆಗ ಅವರ ವಯಸ್ಸು 32. ಅದೇ ವರ್ಷ ಓಸ್ತಿಯಾ ಎಂಬಲ್ಲಿ ತಾಯಿ ತೀರಿಕೊಂಡರು. ವರ್ಷಗಟ್ಟಲೆ ಅತ್ತು ಕಾದ ತಾಯಿ ಮೊಳಕೆಯನ್ನು ಕಂಡರು. ತೆನೆಯನ್ನು ಕಾಣಲಿಲ್ಲ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂದು ನಾವು ಹೇಳುತ್ತೇವೆ. ಗಾದೆ ನಿಜವೇ. ಆದರೆ ಬಗ್ಗಿಸುವುದೇ ಬೇರೆ, ಬೆಳೆಯಲೆಂದು ಹಿಡಿದೆಳೆಯುವುದೇ ಬೇರೆ. ನಮ್ಮ ತರಗತಿಯ ಒಬ್ಬ ಹುಡುಗಿ ದಿನವೂ ಮಣ್ಣು ಕೆದಕಿ ಬೀಜ ಎಷ್ಟು ದೊಡ್ಡದಾಯಿತೆಂದು ನೋಡುತ್ತಿದ್ದಳಂತೆ. ದಿನವೂ ಅಂಕಪಟ್ಟಿ ಕೆದಕುವ ನಾವು ಅವಳನ್ನು ನೋಡಿ ನಗುವಂತಿಲ್ಲ.

ಅಜ್ಜಿಯ ಲಟ್ಟಣಿಗೆ

ಅಕ್ಟೋಬರ್ ನಡುವಿನಲ್ಲಿ ಮತ್ತೊಮ್ಮೆ ಬಿತ್ತಿದೆವು. ಈ ಸಲ ಬಹುಮಾನವಿಲ್ಲ. ಮೊಳೆತರೂ ಮೊಳೆಯದಿದ್ದರೂ ಆಗಮನ ಕಾಲದ ಮೊದಲ ಭಾನುವಾರ ಡಬ್ಬಿಯನ್ನು ತನ್ನಿ ಎಂದೆ. ಪಾಠ ಹೇಳಲು ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿಯನ್ನು ಕರೆದೆ. ಹಾರೋಬೆಲೆ ಕಡೆಯಿಂದ ಮದುವೆಯಾಗಿ ಬಂದವರು, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ ಬಿತ್ತಿ ಬೆಳೆದವರು. ನಾನು ಕೊಟ್ಟಿದ್ದ ಧನಿಯವನ್ನು ಅಂಗೈಲಿ ಹಾಕಿಕೊಂಡು, "ಇದನ್ನ ಇಡಿಯಾಗಿ ಹಾಕ್ಸಿದ್ರಾ ಸ್ವಾಮಿ?" ಎಂದು ನಕ್ಕರು.

ನಾವು ಒಂದು ಬೀಜ ಎಂದುಕೊಳ್ಳುವ ಧನಿಯದ ಗುಂಡು ನಿಜಕ್ಕೂ ಒಂದು ಪುಟ್ಟ ಕಾಯಿ. ಗಟ್ಟಿ ಸಿಪ್ಪೆಯೊಳಗೆ ಎರಡು ಬೀಜಗಳು ಜೋಡಿಯಾಗಿರುತ್ತವೆ. ಇಡಿಯಾಗಿ ಬಿತ್ತಿದರೂ ಮೊಳೆಯಬಹುದು, ಆದರೆ ತಡ, ಮತ್ತು ಎಲ್ಲವೂ ಮೊಳೆಯುವುದಿಲ್ಲ. ಅಜ್ಜಿ ಧನಿಯವನ್ನು ಚಾಪೆಯ ಮೇಲೆ ಹರಡಿ, ಲಟ್ಟಣಿಗೆಯನ್ನು ಹಗುರಾಗಿ ಉರುಳಿಸಿ, ಎರಡೆರಡು ಹೋಳು ಮಾಡಿ ತೋರಿಸಿದರು. ಜೋರಾಗಿ ಒತ್ತಿದರೆ ಪುಡಿ, ಒತ್ತದಿದ್ದರೆ ಇಡಿ. ಮಕ್ಕಳಿಗೆ ಆ ಹದ ಸಿಗಲು ಅರ್ಧ ಗಂಟೆ ಬೇಕಾಯಿತು.

ಅಂದು ಮಕ್ಕಳಿಗೆ ಮನ್ನದ ಕಥೆ ಹೇಳಿದೆ. ಮರುಭೂಮಿಯಲ್ಲಿ ದೇವರು ಇಸ್ರಯೇಲರಿಗೆ ಕೊಟ್ಟ ಆ ಆಹಾರ ಕೊತ್ತಂಬರಿ ಬೀಜದಂತೆ ಇತ್ತು, ಬೆಳ್ಳಗಿತ್ತು ಎಂದು ವಿಮೋಚನಾಕಾಂಡ ಹೇಳುತ್ತದೆ (16:31). ಅಂದಂದಿನದನ್ನು ಅಂದಂದೇ ಕೂಡಿಸಬೇಕು. ನಾಳೆಗೆಂದು ಬಚ್ಚಿಟ್ಟರೆ ಹುಳ ಬೀಳುತ್ತಿತ್ತು. ಮಕ್ಕಳು ತಮ್ಮ ಅಂಗೈಯ ಧನಿಯವನ್ನು ಮತ್ತೆ ಮತ್ತೆ ನೋಡಿಕೊಂಡರು. ನಾನು ಹತ್ತು ಪಾಠ ಮಾಡಿದರೂ ಆ ನೋಟ ಬರುತ್ತಿರಲಿಲ್ಲ.

ಮನೆಯಲ್ಲಿ ಮಾಡಿ ನೋಡಿ

ಬಾಡಿಗೆ ಮನೆಯಾದರೂ ಸರಿ, ಕಿಟಕಿಯ ಕಟ್ಟೆ, ಬಾಲ್ಕನಿ, ಮಹಡಿ, ನಾಲ್ಕು ಗಂಟೆ ಬಿಸಿಲು ಬೀಳುವ ಯಾವ ಜಾಗವಾದರೂ ಸಾಕು.

1. ಐಸ್‌ಕ್ರೀಮ್ ಡಬ್ಬಿ, ಒಡೆದ ಬಕೆಟ್, ಕತ್ತರಿಸಿದ ಎಣ್ಣೆ ಕ್ಯಾನು, ಯಾವುದಾದರೂ ಆದೀತು. ಕೊತ್ತಂಬರಿಗೆ ಆರು ಅಂಗುಲ ಆಳವಿದ್ದರೆ ಒಳ್ಳೆಯದು, ಅದರ ತಾಯಿಬೇರು ನೇರ ಇಳಿಯುತ್ತದೆ. ಅದಕ್ಕೇ ಅದನ್ನು ಕಿತ್ತು ಬೇರೆಡೆ ನೆಡಬಾರದು. ಡಬ್ಬಿಯ ತಳಕ್ಕೆ ನಾಲ್ಕೈದು ತೂತು ಬೇಕೇ ಬೇಕು. ಆ ಕೆಲಸ ದೊಡ್ಡವರದು.

2. ಕೆಂಪು ಮಣ್ಣು, ಕೊಳೆತ ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮಪಾಲು ಬೆರೆಸಿ. ಅಡುಗೆಮನೆಯ ಸಿಪ್ಪೆಯಿಂದ ನೀವೇ ಗೊಬ್ಬರ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಬಿಸಾಡಿದ್ದೂ ದೇವರ ಕೈಯಲ್ಲಿ ವ್ಯರ್ಥವಲ್ಲ ಎಂದು ಮಗು ಕಣ್ಣಾರೆ ಕಾಣುತ್ತದೆ.

3. ಮೊದಲು ಮೆಂತ್ಯ ಬಿತ್ತಿ. ರಾತ್ರಿ ನೆನೆಸಿ ಬಿತ್ತಿದರೆ ಮೂರು ನಾಲ್ಕು ದಿನದಲ್ಲಿ ತಲೆ ಎತ್ತುತ್ತದೆ, ಮೂರು ನಾಲ್ಕು ವಾರದಲ್ಲಿ ಸೊಪ್ಪು ಸಿಗುತ್ತದೆ. ಮಗುವಿಗೆ ಧೈರ್ಯ ಬರುತ್ತದೆ. ಆಮೇಲೆ ಕೊತ್ತಂಬರಿ. ಒಡೆದ ಹೋಳುಗಳನ್ನು ಒಂದು ರಾತ್ರಿ ನೆನೆಸಿ, ಅರ್ಧ ಅಂಗುಲಕ್ಕಿಂತ ಆಳಕ್ಕೆ ಹಾಕದೆ ಬಿತ್ತಿ. ಒಂದರಿಂದ ಎರಡು ವಾರ ಕಾಯಬೇಕು. ಸೊಪ್ಪಿಗೆ ಸುಮಾರು ನಲವತ್ತು ದಿನ, ತಪಸ್ಸುಕಾಲದಷ್ಟು. ಸಬ್ಬಸಿಗೆಯನ್ನು ಮೇಲೆ ಚೆಲ್ಲಿ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ಕಾಮಕಸ್ತೂರಿಯನ್ನು ನೆನೆಸಬೇಡಿ, ಲೋಳೆಗಟ್ಟಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೇಸಿಗೆಯ ಬಿಸಿಗೆ ಕೊತ್ತಂಬರಿ ಬೇಗ ಹೂವಿಗೆ ಬರುವುದರಿಂದ ಮಳೆ ಕಳೆದ ತಂಪು ತಿಂಗಳುಗಳು ಅದಕ್ಕೆ ಹೆಚ್ಚು ಹಿತ.

4. ಅಡುಗೆಮನೆಯ ಹಳೆಯ ಧನಿಯ ಕೈಕೊಡಬಹುದು, ಹೊಸದನ್ನು ತನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 'ಅರ್ಕಾ ಇಶಾ' ಎಂಬ ಕೊತ್ತಂಬರಿ ತಳಿಯನ್ನು ಕೊಟ್ಟಿದ್ದಾರೆ. ಅದನ್ನು ಮತ್ತೆ ಮತ್ತೆ ಕೊಯ್ಯಬಹುದು. ಅಂಗಡಿಯ ಪೊಟ್ಟಣದ ಬೀಜಕ್ಕೆ ಬಣ್ಣ ಬಳಿದಿದ್ದರೆ ಅದಕ್ಕೆ ಔಷಧಿ ಹಚ್ಚಿದ್ದಾರೆಂದು ತಿಳಿಯಿರಿ. ಮಕ್ಕಳು ಬಾಯಿಗೆ ಹಾಕದಂತೆ ನೋಡಿ, ಕೈ ತೊಳೆಸಿ.

5. ನೀರನ್ನು ಸುರಿಯಬೇಡಿ, ಚಿಮುಕಿಸಿ. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದರೆ ಮಕ್ಕಳಿಗೆ ಸುಲಭ. 2024ರ ಬೇಸಿಗೆ ನೆನಪಿದೆಯಲ್ಲ? ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೂ ನಿಷೇಧಿಸಿ 5000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಪಾತ್ರೆಯಲ್ಲಿ ಹಿಡಿದಿಟ್ಟರೆ ಡಬ್ಬಿಗಳಿಗೆ ಅದೇ ಧಾರಾಳ.

6. ಇರುವೆ ಬೀಜ ಹೊರುತ್ತದೆ, ಪಾರಿವಾಳ ಮೊಳಕೆ ಕೀಳುತ್ತದೆ. ಹಳೆಯ ಸೊಳ್ಳೆಪರದೆಯ ತುಂಡು ಮುಚ್ಚಿ. ಒಂದೆರಡು ಬೀಜ ಹೋದರೆ ಹೋಗಲಿ, ಸಾಮತಿಯಲ್ಲೂ ಹಕ್ಕಿಗೆ ಪಾಲಿತ್ತು.

7. ಡಬ್ಬಿಯ ಮೇಲೆ ಬಿತ್ತಿದ ದಿನಾಂಕವನ್ನು ಮಗುವಿನ ಕೈಯಿಂದಲೇ ಬರೆಸಿ. ಮೊಳೆಯದೇ ಇರಬಹುದು ಎಂದು ಮೊದಲೇ ಹೇಳಿ. ಸಂಜೆ ಜಪಸರಕ್ಕೆ ಕುಳಿತಾಗ ಡಬ್ಬಿ ದೇವರ ಚಿತ್ರದ ಬಳಿ ಇರಲಿ. ಮೊಳೆಯದಿದ್ದರೆ ಅಪ್ಪ ಅಮ್ಮ ಮಗುವಿನ ಜೊತೆ ಕುಳಿತು ಮಣ್ಣು ಸಡಿಲಿಸಿ ಮತ್ತೊಮ್ಮೆ ಬಿತ್ತಿ. ರಾತ್ರೋರಾತ್ರಿ ಮಾರುಕಟ್ಟೆಗೆ ಓಡಬೇಡಿ.

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬನ ಡಬ್ಬಿಯನ್ನು ಇನ್ನೊಬ್ಬನದಕ್ಕೆ ಹೋಲಿಸಬೇಡಿ. ಕರಿಜೀರಿಗೆಯನ್ನು ಕೋಲಿನಿಂದ ಬಡಿಯುತ್ತಾರೆ, ಜೀರಿಗೆಯನ್ನು ಬೆತ್ತದಿಂದ, ಎರಡರ ಮೇಲೂ ಗಾಡಿಚಕ್ರ ಹರಿಸುವುದಿಲ್ಲ, ಒಂದೊಂದಕ್ಕೆ ಒಂದೊಂದು ರೀತಿಯನ್ನು ರೈತನಿಗೆ ಕಲಿಸಿದವರು ದೇವರೇ ಎಂದು ಪ್ರವಾದಿ ಯೆಶಾಯ ಹೇಳುತ್ತಾರೆ (28:23-29). ಮೆಂತ್ಯದಂತಹ ಮಗುವೂ ಇದೆ, ಕೊತ್ತಂಬರಿಯಂತಹ ಮಗುವೂ ಇದೆ. ಪುದೀನದಂತಹ ಮಗುವೂ ಉಂಟು. ಅದನ್ನು ನಾವು ಬೀಜದಿಂದ ಬೆಳೆಸುವುದಿಲ್ಲ, ನೆರೆಯವರು ಕೊಟ್ಟ ಒಂದು ಕಡ್ಡಿಯಿಂದ ಹಬ್ಬಿಸುತ್ತೇವೆ. ಹಾಗೆಯೇ ಎಷ್ಟೋ ಮಕ್ಕಳ ವಿಶ್ವಾಸ ಚಿಗುರುವುದು ಒಬ್ಬ ಅಜ್ಜಿಯಿಂದ, ಒಬ್ಬ ಗೆಳೆಯನಿಂದ.

ಮೊದಲ ಕೊಯ್ಲು ಯಾರಿಗೆ?

ಸೊಪ್ಪು ಬಂದ ಮೇಲೆ ಇನ್ನೊಂದು ಪಾಠ ಉಳಿದಿದೆ. ಯೇಸುಸ್ವಾಮಿ ಫರಿಸಾಯರನ್ನು ಖಂಡಿಸುವಾಗ ನಮ್ಮ ಸೊಪ್ಪಿನ ಕಟ್ಟನ್ನೇ ಎತ್ತಿಕೊಳ್ಳುತ್ತಾರೆ. ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲಿಯೂ ಹತ್ತರಲ್ಲೊಂದು ಪಾಲನ್ನು ಲೆಕ್ಕ ಹಾಕಿ ಕೊಡುವವರು ನ್ಯಾಯ, ಕರುಣೆ, ವಿಶ್ವಾಸಗಳನ್ನು ಮರೆತಿದ್ದರು (ಮತ್ತಾಯ 23:23). ಅಲ್ಲಿ ಗ್ರೀಕ್ ಮೂಲದಲ್ಲಿರುವ 'ಆನೇಥೊನ್' ಎಂಬುದು ಸಬ್ಬಸಿಗೆಯೇ. ಕೊಡುವುದನ್ನು ಸ್ವಾಮಿ ತಪ್ಪೆನ್ನಲಿಲ್ಲ. ಕರುಣೆಯಿಲ್ಲದೆ ಕೊಡುವುದನ್ನು ತಪ್ಪೆಂದರು. ಆದ್ದರಿಂದ ಮೊದಲ ಕೊಯ್ಲನ್ನು ಮಗುವಿನ ಕೈಯಲ್ಲೇ ಪಕ್ಕದ ಮನೆಗೆ ಕಳುಹಿಸಿ. ಸಂಕ್ರಾಂತಿಗೆ ನಮಗೆ ಎಳ್ಳು-ಬೆಲ್ಲ ತಂದುಕೊಡುವ ಮನೆಯಾಗಲಿ, ಹಾಸಿಗೆ ಹಿಡಿದ ಹಿರಿಯರಿರುವ ಮನೆಯಾಗಲಿ, ನಾವು ಮಾತು ಬಿಟ್ಟಿರುವ ಮನೆಯಾಗಲಿ. ನಾಲ್ಕು ಎಳೆ ಕೊತ್ತಂಬರಿ ಹಿಡಿದು ಬಂದ ಮಗುವಿನ ಮುಂದೆ ಬಾಗಿಲು ಹಾಕುವವರು ಯಾರು?

ದಿವಂಗತ ಪೋಪ್ ಫ್ರಾನ್ಸಿಸರು 2015ರಲ್ಲಿ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸರ ಒಂದು ಸಂಗತಿಯನ್ನು ನೆನೆದಿದ್ದಾರೆ. ಮಠದ ತೋಟದ ಒಂದು ಭಾಗವನ್ನು ಅಗೆಯದೆ ಹಾಗೆಯೇ ಬಿಡಲು ಸಂತರು ಹೇಳುತ್ತಿದ್ದರಂತೆ. ಅಲ್ಲಿ ಕಾಡುಹೂವು, ಸೊಪ್ಪುಸದೆಗಳು ತಮ್ಮಷ್ಟಕ್ಕೆ ಬೆಳೆಯಲಿ, ಕಂಡವರು ಸೃಷ್ಟಿಕರ್ತರನ್ನು ಸ್ಮರಿಸಲಿ ಎಂದು. ಮಕ್ಕಳ ಮನಸ್ಸಿನಲ್ಲೂ ನಾವು ಅಗೆಯದ ಒಂದು ಭಾಗ ಇರಲಿ. ಅಲ್ಲಿ ಬೆಳೆಸುವವರು ದೇವರೊಬ್ಬರೇ.

ಆಗಮನ ಕಾಲದ ಮೊದಲ ಭಾನುವಾರ ಡಬ್ಬಿಗಳು ಬಂದವು. ಹೆಚ್ಚಿನವು ಹಸಿರಾಗಿದ್ದವು. ಏಳೆಂಟರಲ್ಲಿ ಬರಿಯ ಮಣ್ಣಿತ್ತು. ಅವನ್ನೂ ಸಾಲಿನಲ್ಲೇ ಇಟ್ಟು ಎಲ್ಲದರ ಮೇಲೂ ತೀರ್ಥ ಚಿಮುಕಿಸಿದೆ. ಆ ಹುಡುಗನ ಡಬ್ಬಿಯಲ್ಲಿ ನಾಲ್ಕೇ ಸಸಿಗಳಿದ್ದವು. "ಒಂದು, ಎರಡು, ಮೂರು, ನಾಲ್ಕು ಫಾದರ್" ಎಂದು ಬೆರಳಿಟ್ಟು ಎಣಿಸಿ ತೋರಿಸಿದ. ಹಿಂದೆ ನಿಂತಿದ್ದ ತಂದೆ ಬರಿಯ ಮಣ್ಣಿನ ಇನ್ನೊಂದು ಡಬ್ಬಿ ಹಿಡಿದಿದ್ದರು. "ಇದು ನಂದು ಫಾದರ್, ನಾನೂ ಹಾಕಿದ್ದೆ. ಬರ್ಲಿಲ್ಲ" ಎಂದು ನಕ್ಕು, ಅದನ್ನು ಮಗನ ಡಬ್ಬಿಯ ಪಕ್ಕದಲ್ಲಿ ಇಟ್ಟರು.

ಬರುವ ಆಗಮನ ಕಾಲದಲ್ಲಿ ಗೋದಲಿಗೆಂದು ರಾಗಿ ಚೆಲ್ಲುವಾಗ ಪಕ್ಕದಲ್ಲೊಂದು ಡಬ್ಬಿಯನ್ನೂ ಇಡಿ. ಬಿತ್ತುವ ಕೈಗಳನ್ನೂ ಕಾಯುವ ಮನಸ್ಸುಗಳನ್ನೂ ಪ್ರಭು ಆಶೀರ್ವದಿಸಲಿ. ನಿಮ್ಮ ಮಕ್ಕಳಲ್ಲಿ ಅವರು ಬಿತ್ತಿದ್ದು ಅವರು ಬಯಸಿದ ಕಾಲಕ್ಕೆ ಫಲ ಕೊಡಲಿ. ಆಮೆನ್.